ಬೀದಿ ಪೂರ್ತಿ ಬೇಕು

ನ್ಯೂಜೆರ್ಸಿಯಲ್ಲಿ 2009ರ ಡಿಸೆಂಬರ್ 19ರಂದು ಸುರಿದ ಹಿಮವನ್ನು ಆಗ ಅಲ್ಲಿದ್ದವರು ಇನ್ನೂ ನೆನೆಯುತ್ತಾರೆ. ಶನಿವಾರ ಬೇರೆ. ಊಟಕ್ಕೆಂದು ನಮ್ಮ ಮನೆಗೆ ಬಂದಿದ್ದವರೆಲ್ಲ ರಸ್ತೆ ಮುಚ್ಚಿಹೋದದ್ದರಿಂದ ರಾತ್ರಿ ಅಲ್ಲೇ ಉಳಿಯಬೇಕಾಯಿತು. ಎಪ್ಪತ್ತರ ದಶಕದಲ್ಲೇ ಅಮೆರಿಕಕ್ಕೆ ಬಂದು ನೆಲೆಸಿದ್ದ ಹಾಸನದ ಅಕ್ಕ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹುಟ್ಟಿ ಬೆಳೆದ ಅವರ ಮಗ, ಬಂದು ಇನ್ನೂ ಹೆಚ್ಚು ದಿನವಾಗಿರದ ಮೈಸೂರಿನ ದಂಪತಿ, ಅವರ ಪುಟ್ಟ ಮಗು, ಜೊತೆಗೆ ನಾವು. ಅಕ್ಕನ ಮಗ ಕೈಯಲ್ಲಿ ಒಂದು ಡಿವಿಡಿ ಪೆಟ್ಟಿಗೆ ಹಿಡಿದು ಬಂದಿದ್ದ. ಆ ರಾತ್ರಿ ನಮ್ಮ ಮನೆಯಲ್ಲಿ ನಡೆದ ವಾದ ಪೂರ್ತಿ ಅದರ ಸುತ್ತಲೇ.

ಪೆಟ್ಟಿಗೆಯ ಹೆಸರು ‘ಸೆಸಮಿ ಸ್ಟ್ರೀಟ್: ಫಾರ್ಟಿ ಇಯರ್ಸ್ ಆಫ್ ಸನ್ನಿ ಡೇಸ್’. ಕಾರ್ಯಕ್ರಮಕ್ಕೆ ನಲವತ್ತು ತುಂಬಿದ ನೆನಪಿಗೆ ಆ ನವೆಂಬರಿನಲ್ಲಿ ಬಂದದ್ದು. ಎರಡು ಡಿಸ್ಕ್. ಒಂದೊಂದು ಸೀಸನ್ನಿನಿಂದ ಆಯ್ದ ತುಣುಕುಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದ್ದರು. ಅದೇ ನವೆಂಬರ್ 10ರಂದು ಶುರುವಾದ ನಲವತ್ತನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ ಮಿಶೆಲ್ ಒಬಾಮಾ ಬಂದು ಮಕ್ಕಳ ಜೊತೆ ತರಕಾರಿ ಬೀಜ ನೆಟ್ಟಿದ್ದರು. ಊರೆಲ್ಲ ಆ ಸುದ್ದಿಯಲ್ಲೇ ಇತ್ತು.

ಈ ಕಾರ್ಯಕ್ರಮ ನೋಡದೆ ಬೆಳೆದವರಿಗಾಗಿ ನಾಲ್ಕು ಮಾತು. ಜೋನ್ ಗಾಂಜ್ ಕೂನಿ ಎಂಬ ಟಿವಿ ನಿರ್ಮಾಪಕಿ, ಲಾಯ್ಡ್ ಮಾರಿಸೆಟ್ ಎಂಬ ಮನಶ್ಶಾಸ್ತ್ರಜ್ಞ ಸೇರಿ ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್ ಕಟ್ಟಿದರು. ಬಡವರ ಮನೆಯ ಮಕ್ಕಳು ಶಾಲೆಗೆ ಕಾಲಿಡುವ ಮೊದಲೇ ಹಿಂದೆ ಬೀಳಬಾರದು, ಅಕ್ಷರ ಮತ್ತು ಅಂಕಿ ಟಿವಿಯಿಂದಲೇ ಅವರ ಮನೆಗೆ ಹೋಗಲಿ ಎಂಬುದು ಅವರ ಹಂಬಲ. ಜಿಮ್ ಹೆನ್ಸನ್ ತಮ್ಮ ಮಪೆಟ್ ಬೊಂಬೆಗಳನ್ನು ತಂದರು. ಮೊದಲ ಎಪಿಸೋಡ್ ಬಂದದ್ದು 1969ರ ನವೆಂಬರ್ 10ರಂದು. ಅದರ ಬೀದಿ ಅರಮನೆಯದಲ್ಲ, ಕಾಡಿನದಲ್ಲ. ನ್ಯೂಯಾರ್ಕಿನ ಸಾಧಾರಣ ಬಡಾವಣೆಯ ಬೀದಿ. ಮೆಟ್ಟಿಲ ಪಕ್ಕದಲ್ಲಿ ಕಸದ ಡಬ್ಬಿ, ಮೂಲೆಯಲ್ಲಿ ಹೂಪರ್ ತಾತನ ಅಂಗಡಿ. ಅಲ್ಲಿ ಗಾರ್ಡನ್ ಮತ್ತು ಸೂಸನ್ ಎಂಬ ಕಪ್ಪು ದಂಪತಿಯ ಮನೆ. ಬಿಳಿಯರು, ಕರಿಯರು ಒಟ್ಟಿಗೆ ಬಾಳುವುದನ್ನು ಮಕ್ಕಳಿಗೆ ತೋರಿಸುತ್ತಾರೆಂದು 1970ರಲ್ಲಿ ಮಿಸಿಸಿಪಿ ರಾಜ್ಯದ ಟಿವಿ ಆಯೋಗ ಇದನ್ನು ತಡೆಹಿಡಿದಿತ್ತು. ಪತ್ರಿಕೆಗಳಲ್ಲಿ ಸುದ್ದಿಯಾಗಿ, ಜನ ಛೀಮಾರಿ ಹಾಕಿದ ಮೇಲೆ ತಿಂಗಳು ತುಂಬುವುದರೊಳಗೆ ಆ ನಿರ್ಧಾರ ಬಿಟ್ಟಿತು.

ಡಿಸ್ಕ್ ಹಾಕಿದೆವು. ಗಾರ್ಡನ್ ಬೀದಿಗೆ ಹೊಸದಾಗಿ ಬಂದ ಸ್ಯಾಲಿ ಎಂಬ ಹುಡುಗಿಯ ಕೈ ಹಿಡಿದು, ಒಬ್ಬೊಬ್ಬರನ್ನೇ ಪರಿಚಯಿಸುತ್ತಾ ಬರುವ ದೃಶ್ಯ. ಆಸ್ಕರ್ ಎಂಬ ಸಿಡುಕು ಬೊಂಬೆಯ ಮೈಬಣ್ಣ ಇನ್ನೂ ಕಿತ್ತಳೆ. ಅವನು ಹಸಿರಾದದ್ದು ಎರಡನೇ ಸೀಸನ್ನಿನಲ್ಲಿ. ಅಕ್ಕನ ಮಗ ಒಂದೊಂದು ಮುಖ ಕಂಡಾಗಲೂ ಹೆಸರು ಕೂಗಿ ಹೇಳುತ್ತಿದ್ದ. ಹಾಗೆ ಹೇಳುತ್ತಿದ್ದವನು ಅರ್ಧ ಗಂಟೆ ಕಳೆಯುವುದರೊಳಗೆ ಗೊಣಗತೊಡಗಿದ.

“ಒಂದು ಎಪಿಸೋಡಾದರೂ ಪೂರ್ತಿ ಇಲ್ಲ. ಹಾಡು ಬರುತ್ತೆ, ಮುಗಿಯುತ್ತೆ, ಮುಂದಿನ ವರ್ಷ. ಬೀದಿ ಎಲ್ಲಿ?”

ಅವನ ಸಿಟ್ಟಿಗೆ ಆಧಾರವಿತ್ತು. 2006ರಲ್ಲಿ ‘ಓಲ್ಡ್ ಸ್ಕೂಲ್’ ಎಂಬ ಇನ್ನೊಂದು ಸಂಪುಟ ಬಂದಿತ್ತು. 1969ರಿಂದ 1974ರವರೆಗಿನ ಐದು ಸೀಸನ್ನುಗಳ ಮೊದಲ ಎಪಿಸೋಡುಗಳು ಅದರಲ್ಲಿ ಇಡಿಯಾಗಿದ್ದವು. ಮಾರನೆಯ ವರ್ಷ ಅದರ ಎರಡನೇ ಸಂಪುಟವೂ ಬಂತು. ಇವನು ಎರಡನ್ನೂ ಕೊಂಡು, ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ. ನಲವತ್ತರ ಹಬ್ಬಕ್ಕೆ ಅದಕ್ಕಿಂತ ದೊಡ್ಡದು ಬರುತ್ತದೆಂದು ಕಾದಿದ್ದವನಿಗೆ ತುಣುಕುಗಳ ಮಾಲೆ ಸಿಕ್ಕಿತ್ತು.

ಮೈಸೂರಿನ ಹುಡುಗಿ ಒಪ್ಪಲಿಲ್ಲ. ಅವಳ ಮಗು ಕಾರ್ಪೆಟ್ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿತ್ತು. “ನೋಡಿ, ಇವನು ಒಂದು ಗಂಟೆ ಹಳೆಯ ಎಪಿಸೋಡಿಗೆ ಕೂರುತ್ತಾನಾ? ಇದಕ್ಕೆ ಕೂತಿದ್ದಾನೆ. ಸಾಕಲ್ಲ,” ಎಂದಳು. ಓಲ್ಡ್ ಸ್ಕೂಲ್ ಡಿಸ್ಕಿನಲ್ಲಿ ಇವು ದೊಡ್ಡವರಿಗಾಗಿ, ಇಂದಿನ ಎಳೆಯ ಮಕ್ಕಳಿಗೆ ಹೊಂದದಿರಬಹುದು ಎಂಬ ಎಚ್ಚರಿಕೆ ಇದೆಯೆಂದು ಕೇಳಿದಾಗ ಅವಳ ವಾದಕ್ಕೆ ಬಲ ಬಂತು. “ಸರಿಯಾಗೇ ಹೇಳಿದ್ದಾರೆ. ಆ ಗಾರ್ಡನ್ ಗುರುತಿಲ್ಲದ ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋಗಿ ಹಾಲು, ಬಿಸ್ಕತ್ತು ಕೊಡಿಸುತ್ತಾನೆ ಅಂತ ನೀವೇ ಹೇಳಿದಿರಿ. ಇವತ್ತು ಅದನ್ನು ನೋಡಿ ನನ್ನ ಮಗ ಏನು ಕಲಿಯಬೇಕು?”

ಅವಳು ಹೆದರಿದ್ದರಲ್ಲಿ ತಪ್ಪಿಲ್ಲ. ಊರು, ಭಾಷೆ ಹೊಸದಾಗಿರುವ ತಾಯಿಗೆ ಆ ಭಯ ಇರಲೇಬೇಕು. ಆದರೆ ಅಕ್ಕನ ಮಗನ ಉತ್ತರವೂ ನನಗೆ ಹಿಡಿಸಿತು. “ಆ ಭಯ ಯಾವಾಗ ಬಂತು ಅನ್ನೋದು ಕೂಡ ಚರಿತ್ರೆಯೇ ಅಲ್ವಾ? 1969ರಲ್ಲಿ ಬೀದಿಯವರೆಲ್ಲ ಮಗುವಿನವರು ಅಂತ ತೋರಿಸೋಕೆ ಧೈರ್ಯ ಮಾಡಿದ್ರು. ಎಚ್ಚರಿಕೆ ಬರೆಯಲಿ, ಕತ್ತರಿ ಯಾಕೆ?”

ಅಷ್ಟರಲ್ಲಿ ಎಲ್ಮೋ ಬಂದ. ಹನ್ನೆರಡು ವಯಸ್ಸಿನ ನನ್ನ ಮಗಳು ಸೋಫಾದಿಂದ ಇಳಿದು ಮುಂದೆ ಬಂದು ಕೂತಳು. ಹಳೆಯ ಅಭಿಮಾನಿಗಳಿಗೆ ಈ ಕೆಂಪು ಬೊಂಬೆಯ ಮೇಲೆ ಮುನಿಸು. ಬೀದಿಯವರೆಲ್ಲರ ಪಾಲನ್ನು ಇವನೊಬ್ಬನೇ ನುಂಗಿದ ಎಂಬ ದೂರು. 1998ರಿಂದ ‘ಎಲ್ಮೋಸ್ ವರ್ಲ್ಡ್’ ಎಂಬ ಭಾಗ ಸೇರಿದ ಮೇಲೆ ಅದು ಇನ್ನೂ ಹೆಚ್ಚಾಯಿತು. ಅಕ್ಕನ ಮಗ ರಿಮೋಟಿಗೆ ಕೈ ಹಾಕಿದ್ದೇ ತಡ, ನನ್ನ ಮಗಳು ಅದನ್ನು ಕಿತ್ತುಕೊಂಡಳು. “ನಿಮಗೆ ಹೂಪರ್ ತಾತ ಹೇಗೋ ನನಗೆ ಎಲ್ಮೋ ಹಾಗೆ. ನನ್ನ ಭಾಗ ಬಂದಾಗ ಮಾತ್ರ ಯಾಕೆ ಓಡಿಸ್ತೀರ?” ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ನನಗೂ ಅವಳ ಮಾತು ನ್ಯಾಯವೆನಿಸಿತು. ನಲವತ್ತು ವರ್ಷದ ಕಾರ್ಯಕ್ರಮ ಎಂದರೆ ಎರಡು ತಲೆಮಾರಿನ ಬಾಲ್ಯ. ನಾವು ನೋಡಿದ್ದೇ ಅಸಲು, ಆಮೇಲಿನದು ಕಲಬೆರಕೆ ಎನ್ನುವುದು ಅಭಿಮಾನವಲ್ಲ, ಬರಿಯ ಹಟ.

ಮರಳಿ ಹಿಂದಕ್ಕೆ ಹೋಗಿ ಬಿಟ್ಟುಹೋದದ್ದನ್ನು ನೋಡುತ್ತಿದ್ದಾಗ 1983ರ ತುಣುಕು ಬಂತು. ಅಲ್ಲಿಯತನಕ ಅಕ್ಕ ಒಂದು ಮಾತೂ ಆಡಿರಲಿಲ್ಲ.

ಹೂಪರ್ ತಾತನ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೆ ನಟನನ್ನು ತರಬಹುದಿತ್ತು. ತಾತ ಎಲ್ಲೋ ದೂರ ಹೋಗಿ ನೆಲೆಸಿದರು ಎನ್ನಬಹುದಿತ್ತು. ಕಾರ್ಯಕ್ರಮದವರು ಎರಡನ್ನೂ ಮಾಡಲಿಲ್ಲ. ಮಕ್ಕಳ ಮನಸ್ಸು ಬಲ್ಲ ತಜ್ಞರ ಸಲಹೆ ಪಡೆದು, ತಾತ ಸತ್ತಿದ್ದಾರೆ ಎಂದು ನೇರವಾಗಿ ಹೇಳಲು ತೀರ್ಮಾನಿಸಿದರು. ನಾರ್ಮನ್ ಸ್ಟೈಲ್ಸ್ ಬರೆದರು. ಅದು ಪ್ರಸಾರವಾದದ್ದು 1983ರ ನವೆಂಬರ್ 24, ಥ್ಯಾಂಕ್ಸ್‌ಗಿವಿಂಗ್ ದಿನ. ಮಕ್ಕಳು ಪ್ರಶ್ನೆ ಕೇಳಿದಾಗ ಉತ್ತರ ಹೇಳಲು ಅಪ್ಪ ಅಮ್ಮ ಮನೆಯಲ್ಲಿರಲಿ ಎಂದೇ ರಜೆಯ ದಿನ ಆರಿಸಿದ್ದರು.

ಬಿಗ್ ಬರ್ಡ್ ಎಂಬ ಎಂಟಡಿಯ ಹಳದಿ ಹಕ್ಕಿ ಎಲ್ಲರ ಚಿತ್ರ ಬರೆದು ಹಂಚುತ್ತದೆ. ಕೊನೆಗೆ ಒಂದು ಚಿತ್ರ ಉಳಿಯುತ್ತದೆ, ಹೂಪರ್ ತಾತನದು. ಅಂಗಡಿಗೆ ಬಂದಾಗ ಕೊಡುತ್ತೇನೆ ಎನ್ನುತ್ತದೆ ಹಕ್ಕಿ. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರು ಬರುವುದಿಲ್ಲ, ಸತ್ತವರು ಮರಳಿ ಬರುವುದಿಲ್ಲ ಎಂದು ಮೆಲ್ಲಗೆ ತಿಳಿಸುತ್ತಾರೆ. ಹಕ್ಕಿಗೆ ಕೋಪ, ಆಮೇಲೆ ಅಳು. ಯಾಕೆ ಹೀಗಾಗಬೇಕು ಎಂದು ಕೇಳಿದರೆ ಗಾರ್ಡನ್ ಹೇಳುವುದು ಇಷ್ಟೇ: ಹೀಗೇ, ಸುಮ್ಮನೆ. ಆ ನಟರ ಕಣ್ಣೀರು ನಟನೆಯದಾಗಿರಲಿಲ್ಲ. ಹದಿಮೂರು ವರ್ಷ ಜೊತೆಗೆ ಕೆಲಸ ಮಾಡಿದ ಗೆಳೆಯನಿಗಾಗಿ ಅತ್ತದ್ದು. ಹಕ್ಕಿಯ ಒಳಗಿದ್ದ ಕ್ಯಾರೊಲ್ ಸ್ಪಿನ್ನಿ ಆ ಚಿತ್ರಗಳನ್ನೂ ತಾವೇ ಬರೆದಿದ್ದರು.

ತುಣುಕು ಮುಗಿದು ಮುಂದಿನದು ಶುರುವಾಗುವ ಮೊದಲೇ ಅಕ್ಕ ನಿಲ್ಲಿಸು ಎಂದರು.

“ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮಪ್ಪ ಹೋದರು. ಟೆಲಿಗ್ರಾಂ ಬಂದಾಗ ಅಲ್ಲಿ ಎಲ್ಲಾ ಮುಗಿದಿತ್ತು. ನನಗೆ ಹೋಗೋಕಾಗಲಿಲ್ಲ. ಇವನಿಗೆ ಐದು ವರ್ಷ. ತಾತನ ಜೊತೆ ಹಿಂದಿನ ಬೇಸಿಗೆಯೆಲ್ಲ ಹಾಸನದಲ್ಲಿ ತೋಟ ಸುತ್ತಿದ್ದ. ಏನಂತ ಹೇಳಲಿ? ತಾತ ತೀರ್ಥಯಾತ್ರೆಗೆ ಹೋಗಿದ್ದಾರೆ ಅಂದೆ. ದಿನಾ ಕೇಳೋನು, ಬಂದ್ರಾ ಅಂತ. ಆ ಗುರುವಾರ ಇದನ್ನು ನೋಡ್ತಾ ಕೂತಿದ್ದ. ನಾನು ಒಲೆ ಮುಂದೆ. ಎದ್ದು ಬಂದು ಸೆರಗು ಹಿಡಿದು ಕೇಳಿದ, ‘ಅಮ್ಮ, ನಮ್ಮ ತಾತನೂ ಬರಲ್ವಾ?’ ನಾನು ಒಲೆ ಆರಿಸಿ ಅವನ ಪಕ್ಕ ಕೂತೆ. ಇಲ್ಲ ಕಂದಾ, ಬರಲ್ಲ ಅಂದೆ. ಅಪ್ಪ ಹೋದ ಮೇಲೆ ನಾನು ಅವತ್ತೇ ಮೊದಲು ಅತ್ತಿದ್ದು.”

ಮಗ ತಾಯಿಯ ಕೈ ಹಿಡಿದುಕೊಂಡ. ಅವನಿಗೆ ಪ್ರಶ್ನೆ ಕೇಳಿದ್ದು ನೆನಪಿರಲಿಲ್ಲ. ಅಮ್ಮ ಕೆಲಸ ಬಿಟ್ಟು ಬಂದು ಟಿವಿ ಮುಂದೆ ತನ್ನ ಪಕ್ಕ ಕೂತದ್ದು ಮಾತ್ರ ನೆನಪಿತ್ತು.

ಆಮೇಲೆ ಅಕ್ಕ ಆಡಿದ ಮಾತು ಆ ರಾತ್ರಿಯ ವಾದವನ್ನು ಮುಗಿಸಿತು. “ಇವರು ಅಳೋ ಜಾಗ ಮಾತ್ರ ಇಟ್ಟಿದ್ದಾರೆ. ಸಾರೇ ಇಲ್ಲದೆ ಒಗ್ಗರಣೆ ಬಡಿಸಿದ ಹಾಗಾಯಿತು. ಅವತ್ತು ಆ ಹಕ್ಕಿ ಮೊದಲು ತಲೆಯನ್ನು ಕಾಲ ಮಧ್ಯೆ ಇಟ್ಟುಕೊಂಡು ಹಿಂದೆ ಹಿಂದೆ ನಡೀತಾ ಬರುತ್ತೆ. ಗಾರ್ಡನ್ ಯಾಕೆ ಅಂತಾನೆ. ಸುಮ್ಮನೆ ಅನ್ನುತ್ತೆ. ಇವನು ಅದನ್ನು ನೋಡಿ ಮನೆಯೆಲ್ಲ ಹಾಗೇ ನಡೆದು ನಕ್ಕಿದ್ದ. ಅದೇ ಮಾತು ಕೊನೇಲಿ ಗಾರ್ಡನ್ ಬಾಯಲ್ಲಿ ಬಂತು. ಮೊದಲಿಂದ ನೋಡಿದ ಮಗುವಿಗೆ ಅದು ಅರ್ಥವಾಯಿತು. ಇಲ್ಲಿ ಬರೀ ಕೊನೆ ನೋಡಿದವರಿಗೆ ಏನು ಗೊತ್ತಾಗುತ್ತೆ?”

ಅವರು ಹೇಳಿದ ಮೇಲೆ ಯೋಚಿಸಿದೆ. ಆ ಎಪಿಸೋಡಿನ ಕಟ್ಟಣೆಯೇ ಅದು. ಮಗು ಆಟಕ್ಕೆ ಆಡುವ ಮಾತನ್ನು ಮೊದಲು ಕೊಟ್ಟು, ದೊಡ್ಡವರು ಉತ್ತರವಿಲ್ಲದೆ ನಿಂತಾಗ ಅದೇ ಮಾತನ್ನು ಅವರ ಬಾಯಿಗೆ ತರುವುದು. ಸಾವಿಗೆ ಕಾರಣ ಹೇಳಲಾಗದು ಎಂಬುದನ್ನು ಐದು ವರ್ಷದ ಮಗುವಿಗೆ ಮುಟ್ಟಿಸಲು ಅವರು ಕಂಡುಕೊಂಡ ದಾರಿ. ಹದಿಮೂರು ವರ್ಷ ಹೂಪರ್ ಹೆಸರನ್ನು ತಪ್ಪಾಗಿ ಕರೆದು ತಿದ್ದಿಸಿಕೊಳ್ಳುತ್ತಿದ್ದ ಹಕ್ಕಿ ಕೊನೆಯಲ್ಲೂ ಅದೇ ತಪ್ಪು ಮಾಡುತ್ತದೆ. ಹಿಂದಿನ ತಪ್ಪುಗಳನ್ನು ಕೇಳಿ ನಕ್ಕವರಿಗೇ ಆ ತಪ್ಪು ಎದೆಗೆ ತಾಗುವುದು.

ಮೈಸೂರಿನ ಹುಡುಗಿ ಕಣ್ಣೊರೆಸಿಕೊಂಡು, ಓಲ್ಡ್ ಸ್ಕೂಲ್ ಪೆಟ್ಟಿಗೆಯನ್ನು ಎರವಲು ಕೇಳಿದಳು. “ನಾನೂ ಅವನ ಪಕ್ಕ ಕೂತು ನೋಡ್ತೀನಿ. ಗಾರ್ಡನ್ ವಿಷಯ ಬಂದಾಗ ಅವನಿಗೆ ನಾನೇ ಹೇಳ್ತೀನಿ.”

ಅವಳು ಹೇಳಿದ್ದು ಈ ಕಾರ್ಯಕ್ರಮದ ಹುಟ್ಟಿನಿಂದ ಇದ್ದ ಆಸೆಯೇ. ತಾಯ್ತಂದೆ ಜೊತೆಗೆ ಕೂತು ನೋಡಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆಂದು ನಂಬಿಯೇ ವರ್ಕ್‌ಶಾಪಿನವರು ದೊಡ್ಡವರಿಗೂ ರುಚಿಸುವ ಅಣಕು, ಹೆಸರಾಂತ ಅತಿಥಿಗಳು, ಹಾಡುಗಳನ್ನು ಸೇರಿಸಿದ್ದು.

ನಲವತ್ತರ ಆ ಪೆಟ್ಟಿಗೆಯ ಬಗ್ಗೆ ನನ್ನ ತೀರ್ಪು ಅಂದಿನದೇ ಇಂದೂ. ಹಾಡುಗಳಿಗೆ, ಮರೆತ ಮುಖಗಳಿಗೆ, ಮಳೆಯ ದಿನ ಮಗುವನ್ನು ಕೂರಿಸಲಿಕ್ಕೆ ಅದು ಒಳ್ಳೆಯದು. ಒಂದು ಕಾರ್ಯಕ್ರಮದ ನೆನಪಿಗೆ ಅದು ಸಾಲದು. ಹಬ್ಬಕ್ಕೆ ಸಂಪುಟ ತರುವವರು ಐದೇ ಎಪಿಸೋಡ್ ಕೊಡಲಿ, ಆದರೆ ಇಡಿಯಾಗಿ ಕೊಡಲಿ. ಇಂದಿಗೆ ಒಗ್ಗದ್ದು ಇದ್ದರೆ ಮೊದಲಲ್ಲೇ ಬರೆದು ತಿಳಿಸಲಿ, ತೆಗೆದುಹಾಕದಿರಲಿ. ನೋಡುವ ಮನೆಯವರಿಗೆ ನನ್ನದು ಒಂದೇ ಕೋರಿಕೆ: ಮಗುವಿನ ಕೈಗೆ ಡಿಸ್ಕ್ ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಪಕ್ಕದಲ್ಲಿ ಕೂತು ನೋಡಿ, ಅದು ಕೇಳುವ ಪ್ರಶ್ನೆಗೆ ನಿಜವಾದ ಉತ್ತರ ಹೇಳಿ.