ಬಿಸಿಲಲ್ಲೇ ಹಿಡಿಯಬೇಕಾದ ರೋಗ

ಏಪ್ರಿಲ್, ಮೇ ಬಂತೆಂದರೆ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಟೆಗುಡ್ಡದ ಬಂಡೆ ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಿರುತ್ತದೆ. ಈ ಬಿಸಿಲನ್ನು ಬೈಯುವವರೇ ಬಹಳ. ನನಗೆ ಮಾತ್ರ ಅದರ ಮೇಲೆ ಪ್ರೀತಿ. ಎಂಜಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ನನಗೆ ಕಲಿಸಿದ್ದೇ ಅದು.

2000ದ ಏಪ್ರಿಲ್‌ನಿಂದ ಹೊಗೆಯ ನಿಯಮ ಬಿಗಿಯಾಯಿತು. ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರ್ ಹಿಂದೆ ಸರಿದು, ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಲ್ಲೆಡೆ ಬಂತು. ನನ್ನದು ಆ ಕಾಲದ ಗಾಡಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಎದ್ದು, ತೆಕ್ಕಲಕೋಟೆ ದಾಟಿ, ಭತ್ತದ ಗದ್ದೆಗಳ ನಡುವೆ ಸಿರುಗುಪ್ಪಕ್ಕೆ ಸಲೀಸಾಗಿ ಮುಟ್ಟಿಸುತ್ತದೆ. ಅಲ್ಲಿ ಊಟ ಮುಗಿಸಿ ಬಂದು ಚಾವಿ ತಿರುಗಿಸಿದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಏಳುವುದಿಲ್ಲ. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ದರ್ಶನ ಮಾಡಿ ಬಂದರೂ ಅದೇ ಹಟ. ಒಂದಷ್ಟು ಹೊತ್ತು ನೆರಳಲ್ಲಿ ಬಿಟ್ಟರೆ ತಾನಾಗಿಯೇ ಸರಿ.

ಓಡುವಾಗ ಇಲ್ಲದ ರೋಗ ನಿಂತಾಗ ಬರುವುದೇಕೆ? ಎಂಜಿನ್ ಆರಿಸಿದೊಡನೆ ಅದರೊಳಗಿನ ನೀರಿನ ಓಟ ನಿಲ್ಲುತ್ತದೆ, ಮುಂದಿನಿಂದ ನುಗ್ಗುವ ಗಾಳಿಯೂ ನಿಲ್ಲುತ್ತದೆ. ಬಾನೆಟ್ ಕೆಳಗಿನ ಕಾವು ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತಲೇ ಹೋಗುತ್ತದೆ. ಪೆಟ್ರೋಲೆಂದರೆ ಹಲವು ದ್ರವಗಳ ಬೆರಕೆ. ಅದರ ಹಗುರ ಭಾಗಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಕುದಿಯದಂತೆ ತಡೆಯುವುದು ಲೈನಿನ ಒತ್ತಡ, ಇಂಥ ಗಾಡಿಗಳಲ್ಲಿ ಸುಮಾರು 3 ಬಾರ್. ಪಂಪು ನಿಂತ ಮೇಲೆ ಆ ಒತ್ತಡವನ್ನು ಹಿಡಿದಿಡುವುದು ಪಂಪಿನೊಳಗಿನ ಒಂದು ಪುಟ್ಟ ವಾಲ್ವು. ಅದು ಸವೆದರೆ ಒತ್ತಡ ಜಾರುತ್ತದೆ, ಪೆಟ್ರೋಲ್ ಆವಿಯಾಗುತ್ತದೆ, ಇಂಜೆಕ್ಟರ್ ಬರೀ ಆವಿಯನ್ನು ಚಿಮ್ಮುತ್ತದೆ.

ಬೆಳಗಿನ ತಂಪಿನಲ್ಲಿ ಗ್ಯಾರೇಜಿಗೆ ಒಯ್ದಾಗ ಮೇಸ್ತ್ರಿ ಬಾನೆಟ್ಟನ್ನೇ ಎತ್ತಲಿಲ್ಲ. “ಮಧ್ಯಾಹ್ನ ಬರ್ರಿ ಸಾರ್, ಗಾಡಿ ಕಾದ ಮ್ಯಾಲೆ ನೋಡಾನ” ಎಂದರು. ಆ ಮಾತು ಕೇಳಿದ ಕ್ಷಣವೇ ನನಗೆ ಅವರ ಮೇಲೆ ನಂಬಿಕೆ ಕೂತಿತು.

ಮಧ್ಯಾಹ್ನ ಕಾದ ಗಾಡಿಯ ಮುಂದೆ ಅವರು ಮೊದಲು ಮಾಡಿದ್ದು ಕಿವಿಗೊಟ್ಟದ್ದು. ಚಾವಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಗುಂಯ್ ಸದ್ದು ಬರಬೇಕು. ಬಾರದಿದ್ದರೆ ರಿಲೇಯನ್ನೋ ವೈರಿಂಗನ್ನೋ ಪಂಪನ್ನೋ ಶಂಕಿಸಬೇಕು. ಬಂತು. ಸೆಲ್ಫ್ ಹೊಡೆಯದೆ ಚಾವಿಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ, ಆಮೇಲೆ ಹೊಡೆದರು; ಎಂಜಿನ್ ಎದ್ದಿತು. ಪಂಪು ತುಂಬಿಕೊಟ್ಟ ಒತ್ತಡ ಸಾಕಾಗಿತ್ತು. ಆದರೂ ಅವರು ಅಲ್ಲಿಗೇ ಬಿಡಲಿಲ್ಲ. ಇಂಜೆಕ್ಟರ್ ತೊಟ್ಟಿಕ್ಕಿದರೂ ಒತ್ತಡ ಇಳಿಯುತ್ತದೆ, ಆಗ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಇರುತ್ತದೆ. ಒತ್ತಡ ಹದದಲ್ಲಿಡುವ ರೆಗ್ಯುಲೇಟರಿನ ಪೊರೆ ಹರಿದಿದ್ದರೆ ಅದರ ವ್ಯಾಕ್ಯೂಮ್ ಪೈಪು ಪೆಟ್ರೋಲಿನಿಂದ ಒದ್ದೆಯಾಗಿರುತ್ತದೆ. ಕಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುವ ಕ್ರ್ಯಾಂಕ್ ಸೆನ್ಸರ್ ಕೂಡ ಇದೇ ವೇಷ ಹಾಕುತ್ತದೆ. ಆಗ ಕಿಡಿಯೇ ಇರುವುದಿಲ್ಲ. ಒಂದೊಂದನ್ನೂ ನೋಡಿ ಬಿಟ್ಟಮೇಲೆ ಒತ್ತಡ ಅಳೆಯುವ ಗೇಜು ಕಟ್ಟಿ ಎಂಜಿನ್ ಆರಿಸಿದರು. ಮುಳ್ಳು ನಮ್ಮ ಕಣ್ಣೆದುರೇ ಇಳಿದುಹೋಯಿತು. ದೋಷ ಪಂಪಿನ ವಾಲ್ವಿನದು.

ಹಳೇ ಗಾಡಿ ಇಟ್ಟುಕೊಂಡವರೇ, ಗೇಜು ಹಾಕಿ ನೋಡದೆ ಪಂಪು ಬದಲಿಸಲು ಒಪ್ಪಬೇಡಿ. ಪಂಪು ಟ್ಯಾಂಕಿನಲ್ಲಿ ಮುಳುಗಿದ್ದು, ಪೆಟ್ರೋಲಿನಿಂದಲೇ ತಂಪಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.