ಗೋಡೆಯಿಲ್ಲದ ಸೂರು

ಮಳೆಗಾಲ ಹಿಡಿಯಿತೆಂದರೆ ಸೊರಬದ ಕಡೆಯ ಶಾಲೆಗಳಲ್ಲಿ ಆಟದ ಪಿರಿಯಡ್ಡು ಲೆಕ್ಕದ ಮೇಷ್ಟರ ಪಾಲು. ಅಂಗಳವೆಲ್ಲ ಕೆಸರು, ಖೋಖೋ ಕಂಬದ ಬುಡದಲ್ಲಿ ಕಪ್ಪೆ. ಮಕ್ಕಳು ಜಗಲಿಯಲ್ಲಿ ಸಾಲಾಗಿ ನಿಂತು ಕೈಚಾಚಿ ಹೆಂಚಿನ ನೀರು ಹಿಡಿಯುತ್ತಾರೆ. ಮೇಷ್ಟರು ನೋಡದಿದ್ದರೆ ಅದೂ ಒಂದು ಆಟವೇ. ಅದೇ ಹೊತ್ತಿಗೆ ಗುಡವಿಯ ಕೆರೆಯಲ್ಲಿ ಬೆಳ್ಳಕ್ಕಿಗಳು ಮಳೆ ಲೆಕ್ಕಿಸದೆ ಸಂಸಾರ ಹೂಡುತ್ತವೆ. ಪಕ್ಕದ ಶಿಕಾರಿಪುರ ಅರೆಮಲೆನಾಡು, ಅಷ್ಟು ಮಳೆಯಿಲ್ಲ. ಅಲ್ಲಿಯ ಮಕ್ಕಳಿಗೆ ಮಾರ್ಚಿನ ಬಿಸಿಲೇ ವೈರಿ.

ಶಾಲೆಗೆ ಆಟದ ಮೈದಾನ ಇರಲೇಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯಿದೆ. ಜಡಿಮಳೆ ಹೊಡೆಯುವಾಗ ಆ ಮೈದಾನದಲ್ಲಿ ಏನು ಮಾಡಬೇಕೆಂದು ಹೇಳುವುದಿಲ್ಲ. ಅದು ಊರಿಗೇ ಬಿಟ್ಟ ಮಾತು. 2001ರಿಂದ ಸರ್ಕಾರಿ ಶಾಲೆಗೊಂದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುವುದೂ ಅದಕ್ಕೇ ಅಲ್ಲವೆ?

ಮಳೆಯಲ್ಲೂ ಬಿಸಿಲಲ್ಲೂ ಆಡಲು ಬೇಕಾದ್ದು ಮೇಲೊಂದು ಸೂರು ಮಾತ್ರ. ಆದರೆ ಆ ಕೆಲಸ ಊರಿನವರ ಕೈಗೆ ಕೊಟ್ಟರೆ ಅವರು ಹಾಲ್ ಕಟ್ಟುತ್ತಾರೆ. ಸುತ್ತ ಗೋಡೆ, ಮುಂದೆ ಬಾಗಿಲು, ಪಕ್ಕದಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲು. ಬಾಗಿಲಿದ್ದ ಮೇಲೆ ಬೀಗ ಬೇಕು, ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಮರುವರ್ಷ ಒಳಗೆ ಮುರಿದ ಬೆಂಚು, ಬಿಸಿಯೂಟದ ಅಕ್ಕಿಮೂಟೆ. ಮಕ್ಕಳು ಮತ್ತೆ ಜಗಲಿಗೆ.

ಗೋಡೆಯಿಲ್ಲದೆ ಕಟ್ಟುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಆನವಟ್ಟಿಯ ಹತ್ತಿರ ಕುಬಟೂರಿನ ಕೈಟಭೇಶ್ವರ ದೇವಸ್ಥಾನದ ಮಂಟಪಕ್ಕೆ ಹೋಗಿ ನೋಡಿ. ಸುಮಾರು ಕ್ರಿ.ಶ. 1100ರ ಕಾಲದ್ದು. ಚರಕಿ ಹಿಡಿದಂತೆ ನುಣುಪಾದ ಕಂಬಗಳು, ಅಂಚಿಗೆ ಕೂರಲು ಕಲ್ಲಿನ ಜಗಲಿ, ಎಲ್ಲಿಂದ ಬೇಕಾದರೂ ಗಾಳಿ. ಇದರಷ್ಟು ಒಳ್ಳೆಯ ಆಟದ ಮನೆ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿಲ್ಲ ಎಂದು ನನಗೆ ಅನ್ನಿಸುವುದುಂಟು. ಪುರಾತತ್ವ ಇಲಾಖೆಯವರು ಮುನಿಸಿಕೊಳ್ಳದಿರಲಿ. ಇನ್ನು ಶಿಕಾರಿಪುರದ ಕಡೆಯ ಬಳ್ಳಿಗಾವಿಯ ಕೋಡಿಮಠದ ಹಿರಿಮೆ ಸಾರುವ 1162ರ ಶಾಸನ ಅಲ್ಲಿ ವೇದ, ವ್ಯಾಕರಣಗಳ ಪಾಠ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಎಲ್ಲ ಇತ್ತೆನ್ನುತ್ತದೆ. ಓದು, ಊಟ, ಮದ್ದು ಒಂದೇ ಅಂಗಳದಲ್ಲಿ. ಅಲ್ಲಿಯ ಹುಡುಗರು ಆಡದೆ ಇದ್ದಾರೆಯೇ? ಆಟವನ್ನು ಶಾಸನದಲ್ಲಿ ಕೆತ್ತಿಸುವ ರಾಜ ಮಾತ್ರ ಎಲ್ಲೂ ಹುಟ್ಟಲಿಲ್ಲ.

ಈಗ ಕಲ್ಲು ಬೇಡ. ಕಬ್ಬಿಣದ ಕಂಬ, ಮೇಲೆ ತಗಡಿನ ಶೀಟು ಸಾಕು. ತಗಡಿನ ಮೇಲೆ ಮಳೆ ಬಿದ್ದರೆ ಕಿವಿ ಕೇಳುವುದಿಲ್ಲ ಎಂದು ಮೇಷ್ಟರು ತಕರಾರು ತೆಗೆಯುತ್ತಾರೆ. ಪಾಠಕ್ಕೆ ಅದು ತೊಂದರೆ, ಕಬಡ್ಡಿಗೆ ಏನು? ಗಲಾಟೆ ಮಾಡಬೇಡಿ ಎಂದು ಕೂಗಿದ್ದೂ ಕೇಳಿಸದ ಜಾಗ ಮಕ್ಕಳಿಗೆ ಎಲ್ಲಿ ಸಿಗುತ್ತದೆ! ನೋಡಬೇಕಾದ್ದು ಎರಚಲು. ಮುಂಗಾರು ಪಡುವಣದಿಂದ ಅಡ್ಡ ಹೊಡೆಯುವುದರಿಂದ ಆ ಕಡೆ ಸೂರನ್ನು ತಗ್ಗಿಸಿ ಇಳಿಸಬೇಕು, ಇಲ್ಲವೇ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ನೆಲವನ್ನು ನುಣ್ಣಗೆ ಮಾಡಲೇಬಾರದು. ಒದ್ದೆ ಕಾಲಿಗೆ ಟೈಲ್ಸು ಜಾರುತ್ತದೆ, ಒರಟು ಸಿಮೆಂಟೇ ಸರಿ.

ಚಂದಾಪಟ್ಟಿ ಹಿಡಿದು ಹೊರಡುವವರು ಅಡಿಕೆ ದರ ಏರಿದ ವಾರ ನೋಡಿಕೊಂಡು ಹೊರಡಲಿ. ಕೆಲಸ ಏಪ್ರಿಲ್, ಮೇ ರಜೆಯಲ್ಲೇ ಮುಗಿಯಬೇಕು. ಮುಗಿದ ಮರುದಿನವೇ ಯಾರಾದರೂ ಬಂದು, 'ಮಗಳ ಮದುವೆ ಊಟಕ್ಕೆ ಕೊಡ್ತೀರಾ ಮೇಷ್ಟ್ರೇ?' ಎಂದು ಕೇಳುವುದು ಖಂಡಿತ. ಭಾನುವಾರವಾದರೆ ಕೊಡಬಹುದು, ಎಲೆ ಎತ್ತಿ ನೆಲ ತೊಳೆದು ಕೊಡುವುದಾದರೆ.