ಎಲ್ಲಿ ತೆಗೆದದ್ದು ಈ ಪಟ?

ಕ್ಯಾಮೆರಾಗೆ ತಾನು ನಿಂತ ಜಾಗ ಗೊತ್ತಿರಬೇಕೇ, ಗೊತ್ತಿದ್ದರೆ ಅದನ್ನು ಗಾಳಿಯಲ್ಲಿ ಸಾರಬೇಕೇ? ಅಂಗಡಿಯ ಕಟ್ಟೆಯ ಮುಂದೆ ನಿಂತವರು ಈ ವಿಚಾರವನ್ನು ಬ್ಯಾಟರಿ ತಿನ್ನುತ್ತದೆ, ಬೆಲೆ ಏರುತ್ತದೆ, ಫೋನಿನಲ್ಲೇ ಇದೆಯಲ್ಲ ಎಂಬ ಮೂರು ಮಾತಿನಲ್ಲಿ ಮುಗಿಸಿ ಬಿಲ್ಲು ಮಾಡಿಸಿಬಿಡುತ್ತಾರೆ. ನನಗೆ ಅಷ್ಟು ಬೇಗ ಮುಗಿಸಲು ಮನಸ್ಸಿಲ್ಲ. ನಿಮಗೂ ಎದ್ದು ಹೋಗುವ ಅವಸರವಿಲ್ಲವೆಂದುಕೊಂಡು, ಕಾಲು ಚಾಚಿ ಕುಳಿತು, ಸ್ವಲ್ಪ ಸುತ್ತಿ ಬಳಸಿಯೇ ಹೇಳುತ್ತೇನೆ.

ಪಟದ ಜೊತೆಗೇ ಊರಿನ ಹೆಸರೂ ಇರಬೇಕೆಂಬ ಆಸೆ ಉಪಗ್ರಹಗಳ ಕಾಲದಲ್ಲಿ ಹುಟ್ಟಿದ್ದಲ್ಲ. 1914ರಲ್ಲಿ ಕೊಡಾಕ್ ಕಂಪನಿ ‘ಆಟೋಗ್ರಾಫಿಕ್’ ಎಂಬ ಕ್ಯಾಮೆರಾ ತಂದಿತು. ಅದರ ಬೆನ್ನಿಗೊಂದು ಪುಟ್ಟ ಬಾಗಿಲು. ಪಟ ತೆಗೆದ ಮೇಲೆ ಬಾಗಿಲು ತೆರೆದು, ಲೋಹದ ಕಡ್ಡಿಯಿಂದ ಫಿಲ್ಮಿನ ಹಿಂಬದಿಯ ಕಾಗದದ ಮೇಲೆ ಊರು, ತಾರೀಕು ಗೀಚಿ, ಒಂದೆರಡು ಕ್ಷಣ ಆಕಾಶಕ್ಕೆ ತೋರಿಸಿದರೆ ಆ ಅಕ್ಷರಗಳು ಎರಡು ಪಟಗಳ ನಡುವಿನ ಅಂಚಿನಲ್ಲಿ ಮೂಡಿ ನಿಲ್ಲುತ್ತಿದ್ದವು. ಈ ಉಪಾಯ ಹೂಡಿದವನು ಹೆನ್ರಿ ಗೈಸ್ಮನ್. ಜಾರ್ಜ್ ಈಸ್ಟ್‌ಮನ್ ಅವನಿಂದ ಪೇಟೆಂಟನ್ನು ಮೂರು ಲಕ್ಷ ಡಾಲರ್ ತೆತ್ತು ಕೊಂಡ. ಬರೀ ಒಂದು ಕಿಂಡಿಗೆ ಮೂರು ಲಕ್ಷ! ವ್ಯಾಪಾರ ಬಲ್ಲ ಈಸ್ಟ್‌ಮನ್ನನಿಗೆ, ಜನ ಪಟವನ್ನು ಇಟ್ಟುಕೊಂಡು ಊರನ್ನು ಮರೆಯುತ್ತಾರೆಂಬುದು ಚೆನ್ನಾಗಿ ತಿಳಿದಿತ್ತು.

ಮರೆಯುತ್ತಾರೆ, ನಿಜ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಆಲ್ಬಮ್ಮಿನಲ್ಲಿ ಜಾತ್ರೆಯ ಸ್ಟುಡಿಯೋದಲ್ಲಿ ತೆಗೆಸಿದ ಪಟಗಳಿದ್ದವು. ರಟ್ಟಿನ ವಿಮಾನದಲ್ಲಿ ಮೂವರು ಚಿಕ್ಕಪ್ಪಂದಿರು, ಬಟ್ಟೆಯ ಮೇಲೆ ಬರೆದ ತಾಜಮಹಲಿನ ಮುಂದೆ ಸೋದರತ್ತೆ ಮತ್ತು ಮಾವ. ಇವು ಸುಳ್ಳು ಊರುಗಳಾದರೂ ತಕರಾರಿಲ್ಲದವು. ಜಗಳವೆಲ್ಲ ಬಯಲಲ್ಲಿ ತೆಗೆದ ಪಟಗಳದ್ದು. ಅಜ್ಜ ಕೆಲವಕ್ಕೆ ಬೆನ್ನಮೇಲೆ ನೀಲಿ ಶಾಯಿಯಲ್ಲಿ ಊರು ಬರೆದಿಟ್ಟಿದ್ದರು. ಬರೆಯದೆ ಬಿಟ್ಟವುಗಳಲ್ಲೊಂದರಲ್ಲಿ ಹೆಂಗಸರೆಲ್ಲ ಯಾವುದೋ ಹೊಳೆಯ ಮೆಟ್ಟಿಲ ಮೇಲೆ ಸಾಲಾಗಿ ಕುಳಿತಿದ್ದಾರೆ. “ಅದು ಶೃಂಗೇರಿ ಕಣೇ, ಮೀನು ಕಾಣಲ್ವಾ?” ಎಂದು ದೊಡ್ಡಮ್ಮ, “ಅಯ್ಯೋ ಅಕ್ಕಾ, ತೀರ್ಥಹಳ್ಳಿ, ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿದ್ದು” ಎಂದು ಅಮ್ಮ. ಎರಡೂ ಊರಿಗೆ ಹೊಳೆ ಒಂದೇ, ತುಂಗೆ. ಆದ್ದರಿಂದ ಸಾಕ್ಷಿ ಹೇಳಲು ನೀರೂ ಒದಗಲಿಲ್ಲ. ಈಗ ಆ ಮೆಟ್ಟಿಲ ಮೇಲೆ ಕುಳಿತವರಲ್ಲಿ ಯಾರೂ ಉಳಿದಿಲ್ಲ, ಊರೂ ಅವರ ಜೊತೆಗೇ ಹೋಯಿತು. ನನಗೆ ಇದು ಸಣ್ಣ ನಷ್ಟವೆನಿಸುವುದಿಲ್ಲ.

ಮನೆಯ ಪಟಕ್ಕೇ ಹೀಗಾದರೆ ಇಡೀ ನಾಡಿಗೆ ಸೇರಿದ ಪಟದ ಗತಿ ಏನು? ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಗೆ ಬಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಾಳು ಪಟ್ಟಣವನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆ ಪಟಗಳನ್ನೇ ದಾರಿತೋರುಕ ಮಾಡಿಕೊಂಡು, ಗ್ರೀನ್‌ಲಾ ನಿಂತಲ್ಲೇ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ವಿಠ್ಠಲ ದೇವಾಲಯದ ಕಲ್ಲಿನ ರಥದ ನೆತ್ತಿಯಲ್ಲಿ ಹಳೆಯ ಪಟದೊಳಗೆ ಇಟ್ಟಿಗೆಯ ಶಿಖರವಿದೆ, ಹೊಸದರಲ್ಲಿ ಇಲ್ಲ. ಬಂಡೆ, ಕಂಬ, ಗೋಪುರಗಳು ಕದಲದೆ ನಿಂತಿದ್ದರಿಂದ ಹಂಪಿಯಲ್ಲಿ ಈ ಕೆಲಸ ಸಾಧ್ಯವಾಯಿತು. ಅದನ್ನೇ ಬತ್ತಿದ ಕೆರೆಗೆ, ಒತ್ತುವರಿಯಾದ ಗೋಮಾಳಕ್ಕೆ, ಹೊಳೆ ಕೊರೆದುಕೊಂಡು ಹೋದ ದಂಡೆಗೆ ಮಾಡಬೇಕಾದರೆ ಗುರುತಿಗೆ ಅಕ್ಷಾಂಶ ರೇಖಾಂಶಗಳಲ್ಲದೆ ಬೇರೇನೂ ಇರುವುದಿಲ್ಲ. ಆದ್ದರಿಂದ ಪಟದೊಳಗೆ ಜಾಗ ಬರೆದಿರಲೇಬೇಕು ಎನ್ನುವವನು ನಾನು.

ಆದರೆ ಬರೆದಿಡುವುದು ಬೇರೆ, ಹೇಳಿಕೊಂಡು ತಿರುಗುವುದು ಬೇರೆ. ಜಿಪಿಎಸ್ಸನ್ನೂ ವೈಫೈಯನ್ನೂ ಒಂದೇ ಉಸಿರಿನಲ್ಲಿ ಹೊಗಳುವವರೂ ಬೈಯುವವರೂ ಇದನ್ನು ಗಮನಿಸುವುದಿಲ್ಲ. ಕ್ಯಾಮೆರಾದೊಳಗಿನ ಜಿಪಿಎಸ್ ಬರೀ ಕಿವಿ. ಇಪ್ಪತ್ತು ಸಾವಿರ ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ದನಿ ಕೇಳಿಸಿಕೊಂಡು, ತಾನೆಲ್ಲಿದ್ದೇನೆಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಮೇಲಿನವುಗಳಿಗೆ ಕೆಳಗೊಬ್ಬ ನಿಂತಿರುವುದೇ ಗೊತ್ತಾಗುವುದಿಲ್ಲ. ವೈಫೈ, ಬ್ಲೂಟೂತ್ ಹಾಗಲ್ಲ, ಅವಕ್ಕೆ ಬಾಯಿಯೂ ಉಂಟು.

ನಿಕಾನ್ 2005ರಲ್ಲೇ ಕೂಲ್‌ಪಿಕ್ಸ್ ಪಿ1ಕ್ಕೆ ವೈಫೈ ಕೊಟ್ಟಿತು, 2008ರಲ್ಲಿ ಪಿ6000ಕ್ಕೆ ಜಿಪಿಎಸ್. 2012ರಲ್ಲಿ ಕ್ಯಾನನ್ನಿನ 6ಡಿ ಎರಡನ್ನೂ ಹೊತ್ತು ಬಂತು. ಆಮೇಲೆ ನಡೆದದ್ದು ನನಗೆ ಒಪ್ಪಿಗೆಯಿಲ್ಲ. ಬಾಯಿಯನ್ನು ಉಳಿಸಿಕೊಂಡ ಕಂಪನಿಗಳು ಹೆಚ್ಚಿನ ಮಾದರಿಗಳಲ್ಲಿ ಕಿವಿಯನ್ನು ಕಿತ್ತುಹಾಕಿ, ಜಾಗ ಬೇಕಾದರೆ ಬ್ಲೂಟೂತಿನಲ್ಲಿ ಫೋನನ್ನು ಕೇಳಿಕೋ ಎಂದುಬಿಟ್ಟವು. ಕುದುರೆಮುಖದ ಹುಲ್ಲುಗುಡ್ಡದ ಮೇಲೆ ಫೋನಿನ ಚಾರ್ಜು ಮುಗಿದರೆ, ಇಲ್ಲವೇ ಎರಡರ ಜೋಡಿ ಹರಿದರೆ, ಸಾವಿರಾರು ರೂಪಾಯಿಯ ಕ್ಯಾಮೆರಾ ದಿಕ್ಕುದೆಸೆಯಿಲ್ಲದ್ದಾಗುತ್ತದೆ. ಬ್ಯಾಟರಿಯ ದೂರು ನಿಜವೇ. 6ಡಿಯಲ್ಲಿ ಜಿಪಿಎಸ್ ಹಾಕಿಟ್ಟರೆ ಕ್ಯಾಮೆರಾ ಆರಿಸಿದರೂ ಅದು ಎಚ್ಚರವಾಗಿಯೇ ಇರುತ್ತಿತ್ತು. ಅದಕ್ಕೆ ಮದ್ದು ಒಳ್ಳೆಯ ಸ್ವಿಚ್ಚು. ಆ್ಯಪ್ ನೆಚ್ಚಿಕೊಂಡ ವೈಫೈಗಾದರೋ ಆಯುಸ್ಸೂ ಕಡಿಮೆ: ವೈಫೈ ಅಡಗಿಸಿಟ್ಟ ಐ-ಫೈ ಮೆಮೊರಿ ಕಾರ್ಡುಗಳ ಹಳೆಯ ಮಾದರಿಗಳಿಗೆ 2016ರಲ್ಲಿ ಕಂಪನಿಯೇ ಬೆಂಬಲ ನಿಲ್ಲಿಸಿತು. ಪಟದ ಕಡತದೊಳಗೇ ಎಕ್ಸಿಫ್ ಎಂಬ ಕ್ರಮದಲ್ಲಿ ಬರೆದ ಜಾಗವನ್ನು ಓದಲು ಯಾವ ಕಂಪನಿಯ ದಯೆಯೂ ಬೇಕಿಲ್ಲ.

ಆ ಓದುವಿಕೆಯೇ ಒಮ್ಮೊಮ್ಮೆ ಪ್ರಾಣಕ್ಕೆ ಮುಳುವಾಗುತ್ತದೆ, ಅದನ್ನೂ ಹೇಳಬೇಕು. 2012ರಲ್ಲಿ ಬೆಲೀಜ್ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಆ್ಯಂಟಿವೈರಸ್ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲದಲ್ಲಿದ್ದಾನೆಂದು ಬಯಲಾದದ್ದು ಪತ್ರಿಕೆಯೊಂದು ಪ್ರಕಟಿಸಿದ ಫೋನ್ ಪಟದಿಂದ. ಒಳಗಿದ್ದ ಜಾಗದ ಅಂಕಿಗಳನ್ನು ಅಳಿಸುವುದು ಪತ್ರಿಕೆಯವರಿಗೆ ಮರೆತಿತ್ತು. ನನ್ನ ಚಿಂತೆ ಮಾತು ಬಾರದವುಗಳದ್ದು. ನಮ್ಮ ರಾಜ್ಯದಲ್ಲಿ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಉಳಿದಿರುವುದು ಬಳ್ಳಾರಿಯ ಸಿರುಗುಪ್ಪದ ಬಯಲಿನಲ್ಲಿ, ಬೆರಳೆಣಿಕೆಯಷ್ಟು. ಅದರ ಪಟ ಅಂಕಿಸಮೇತ ಊರೆಲ್ಲ ಹರಿದರೆ ಮಾರನೆಯ ವಾರ ಅಲ್ಲಿ ಜೀಪುಗಳ ಜಾತ್ರೆ. ವಾಟ್ಸ್ಯಾಪಿನಲ್ಲಿ ಪಟವಾಗಿ ಕಳಿಸಿದರೆ ಅಂಕಿ ಉದುರುತ್ತದೆ, ಡಾಕ್ಯುಮೆಂಟಾಗಿ ಕಳಿಸಿದರೆ ಹಾಗೇ ಹೋಗುತ್ತದೆ. ಇಷ್ಟು ಸೂಕ್ಷ್ಮವನ್ನು ಎಷ್ಟು ಜನ ನೆನಪಿಡುತ್ತಾರೆ? ನೆನಪಿಡುವ ಕೆಲಸ ಯಂತ್ರದ್ದಾಗಬೇಕು.

ಹಾಗಾಗಿ ಕ್ಯಾಮೆರಾ ಕಟ್ಟುವವರನ್ನು ನಾನು ಕೇಳುವುದು ಇಷ್ಟು. ಜಿಪಿಎಸ್ ಕ್ಯಾಮೆರಾದೊಳಗೇ ಇರಲಿ. ಅದಕ್ಕೊಂದು, ವೈಫೈಗೊಂದು ಬೇರೆಬೇರೆ ಗುಂಡಿ ಮೈಮೇಲೇ ಇರಲಿ, ಮೆನುವಿನ ಏಳನೆಯ ಪದರದಲ್ಲಿ ಬೇಡ. ಗಾಳಿಯಲ್ಲಿ ಹೋಗುವ ಪಟದಿಂದ ಅಂಕಿ ತಾನಾಗಿ ಕಳಚಲಿ, ಕಾರ್ಡಿನಲ್ಲಿರುವ ಮೂಲದಲ್ಲಿ ಉಳಿಯಲಿ. ಜೊತೆಗೆ ದಿಕ್ಸೂಚಿಯನ್ನೂ ಇಡಿ. ನಿಂತ ಜಾಗ ತಿಳಿದರೂ ಮುಖ ಯಾವ ಕಡೆಗಿತ್ತೆಂದು ತಿಳಿಯದಿದ್ದರೆ ಮುಂದೆ ಬಂದು ಹುಡುಕುವವನು ಕೆರೆಗೆ ಬೆನ್ನು ಹಾಕಿ ನಿಂತಾನು. 2014ರ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ಅದೂ ಇತ್ತು, ಆದ್ದರಿಂದ ಆಗದ ಕೆಲಸವೆಂದು ಯಾರೂ ಹೇಳುವ ಹಾಗಿಲ್ಲ.